ಕೈಗೂ ನಲ್ಲಿಗೂ ನಡುವಿನ ದೂರ

ಈ ಮೇಜಿನ ಮೇಲೆ ಒಂದು ಡಬ್ಬಿಯೂ ಒಂದು ದೀಪವೂ ಇವೆ. ಡಬ್ಬಿಯಲ್ಲಿರುವ ಲೇಪವನ್ನು ಕೈಗೆ ಹಚ್ಚಿ ತಿಕ್ಕಿದರೆ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಈ ನೇರಳಾತೀತ ದೀಪದ ಕೆಳಗೆ ಹಿಡಿದರೆ ಅದು ನೀಲಿಯಾಗಿ ಹೊಳೆಯುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾವು ಬಳಸುವ ಉಪಕರಣ ಇದು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಈಗಷ್ಟೇ ಎರಡೂ ಕೈಗಳಿಗೆ ಲೇಪ ಬಳಿದುಕೊಂಡು ಹೊರಗೆ ಹೋಗಿದ್ದಾರೆ. ದಿನಾ ತೊಳೆಯುವ ಹಾಗೆಯೇ ತೊಳೆದುಕೊಂಡು ಬನ್ನಿ, ನಮ್ಮ ಮುಂದೆ ಮರ್ಯಾದೆ ಉಳಿಸಿಕೊಳ್ಳಲೆಂದು ಹೆಚ್ಚು ತಿಕ್ಕಬೇಡಿ ಎಂದು ಅವರಿಗೆ ಹೇಳಿದ್ದೇನೆ. ಅವರು ಬಂದ ಮೇಲೆ ದೀಪ ಹಚ್ಚೋಣ. ಅಲ್ಲಿಯವರೆಗೆ ನಿಮ್ಮನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋಗುತ್ತೇನೆ.

1840ರ ದಶಕ. ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಹೆರಿಗೆಗೆಂದು ಎರಡು ಘಟಕಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಯಾರು ಯಾವ ಘಟಕಕ್ಕೆ ಸೇರಬೇಕು ಎಂಬುದು ಅವರು ಬಂದ ದಿನವನ್ನು ಅವಲಂಬಿಸಿತ್ತು. 1846ರಲ್ಲಿ ಮೊದಲ ಘಟಕದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಬಾಣಂತಿ ಜ್ವರದಿಂದ ಸತ್ತರು. ಎರಡನೆಯದರಲ್ಲಿ ಆ ಪ್ರಮಾಣ ನೂರಕ್ಕೆ ಮೂರನ್ನೂ ಮುಟ್ಟಲಿಲ್ಲ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲ ಘಟಕಕ್ಕೆ ಹಾಕಬೇಡಿ ಎಂದು ಅವರು ಮಂಡಿಯೂರಿ ಬೇಡಿಕೊಳ್ಳುತ್ತಿದ್ದರು. ಆಸ್ಪತ್ರೆ ತಲುಪುವ ಮೊದಲೇ ಬೀದಿಯಲ್ಲಿ ಹೆತ್ತವರು ಕೂಡ ಮೊದಲ ಘಟಕದ ಬಾಣಂತಿಯರಿಗಿಂತ ಕ್ಷೇಮವಾಗಿರುತ್ತಿದ್ದರು.

ಅಲ್ಲಿ ಸಹಾಯಕ ವೈದ್ಯರಾಗಿದ್ದ ಇಗ್ನಾಜ್ ಸೆಮ್ಮೆಲ್ವೈಸ್ ಅವರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಒಂದೊಂದೇ ಕಾರಣವನ್ನು ತೆಗೆದುಕೊಂಡು ಪರೀಕ್ಷಿಸುತ್ತಾ ಹೋದರು. ಜನಸಂದಣಿಯೇ? ಎರಡನೆಯ ಘಟಕದಲ್ಲಿಯೇ ಹೆಚ್ಚು ಜನ ಇದ್ದರು. ಕೆಟ್ಟ ಗಾಳಿಯೇ? ಎರಡೂ ಘಟಕಗಳು ಒಂದೇ ಆಸ್ಪತ್ರೆಯಲ್ಲಿದ್ದವು. ಹೆರಿಗೆಯ ಭಂಗಿಯೇ? ಎರಡನೆಯ ಘಟಕದಂತೆ ಇಲ್ಲಿಯೂ ಪಕ್ಕಕ್ಕೆ ಮಲಗಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಸಾಯುವವರಿಗೆ ಅಂತಿಮ ಪ್ರಾರ್ಥನೆ ಹೇಳಲು ಪಾದ್ರಿ ಗಂಟೆ ಬಾರಿಸಿಕೊಂಡು ವಾರ್ಡಿನ ನಡುವೆ ಹಾದುಹೋಗುತ್ತಿದ್ದರು; ಆ ಸದ್ದಿಗೆ ಹೆದರಿ ಬಾಣಂತಿಯರಿಗೆ ಜ್ವರ ಬರುತ್ತಿರಬಹುದೇ ಎಂದು ಪಾದ್ರಿಯ ದಾರಿಯನ್ನೂ ಬದಲಿಸಿದರು, ಗಂಟೆಯನ್ನೂ ನಿಲ್ಲಿಸಿದರು. ನಗಬೇಡಿ. ರೋಗಾಣು ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸಗಳನ್ನು ಹೀಗೆ ಒಂದೊಂದಾಗಿ ಕಳೆಯುತ್ತಾ ಹೋಗುವುದಕ್ಕಿಂತ ಸರಿಯಾದ ದಾರಿ ಬೇರೆ ಇರಲಿಲ್ಲ.

1847ರ ಮಾರ್ಚಿನಲ್ಲಿ ಅವರ ಸಹೋದ್ಯೋಗಿ ಯಾಕೋಬ್ ಕೊಲೆಚ್ಕಾ ತೀರಿಕೊಂಡರು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ದೇಹವನ್ನು ಪರೀಕ್ಷಿಸಿದಾಗ ಕಂಡ ಲಕ್ಷಣಗಳು ಬಾಣಂತಿ ಜ್ವರದಿಂದ ಸತ್ತವರಲ್ಲಿ ಕಾಣುವಂಥವೇ ಆಗಿದ್ದವು. ಅಲ್ಲಿ ಒಗಟು ಬಿಡಿಸಿಕೊಂಡಿತು. ವೈದ್ಯರು, ವಿದ್ಯಾರ್ಥಿಗಳು ಬೆಳಿಗ್ಗೆ ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಹಾಗೆಂದು ವೈದ್ಯರು ಕೈ ತೊಳೆಯುತ್ತಲೇ ಇರಲಿಲ್ಲ ಎಂದುಕೊಳ್ಳಬೇಡಿ. ಸಾಬೂನಿನಲ್ಲಿ ತೊಳೆಯುತ್ತಿದ್ದರು, ಆದರೆ ತೊಳೆದ ಮೇಲೂ ಕೈಯಲ್ಲಿ ಹೆಣದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದಿದೆ ಎಂದರೆ ಅದನ್ನು ಹೊತ್ತ ಪದಾರ್ಥವೂ ಉಳಿದಿದೆ ಎಂದು ಸೆಮ್ಮೆಲ್ವೈಸ್ ತರ್ಕಿಸಿದರು. ವಾಸನೆ ಕಳೆಯಲು ಬಳಸುತ್ತಿದ್ದ ಕ್ಲೋರಿನ್ ಸುಣ್ಣದ ದ್ರಾವಣವನ್ನು ತರಿಸಿ, ಮೇ ತಿಂಗಳಲ್ಲಿ ಅದರಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ನನಗೆ ಮುಖ್ಯವೆನಿಸುವುದು ಅದೇ ವರ್ಷ ಅಕ್ಟೋಬರಿನಲ್ಲಿ ನಡೆದದ್ದು. ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಒಬ್ಬ ಹೆಂಗಸು ದಾಖಲಾದಳು. ಅವಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಮಲಗಿಸಿದರು. ವೈದ್ಯರು ವಾರ್ಡಿನ ಒಳಗೆ ಬರುವಾಗ ನಿಯಮದಂತೆ ಕ್ಲೋರಿನ್ ದ್ರಾವಣದಲ್ಲಿ ಕೈ ಅದ್ದಿಕೊಂಡೇ ಬಂದರು. ಮೊದಲು ಅವಳನ್ನು ಪರೀಕ್ಷಿಸಿದರು. ಆಮೇಲೆ ಬರೀ ಸಾಬೂನು ನೀರಿನಲ್ಲಿ ಕೈ ತೊಳೆದುಕೊಂಡು ಸಾಲಿನಲ್ಲಿದ್ದ ಉಳಿದವರನ್ನು ಪರೀಕ್ಷಿಸಿದರು. ಅವಳ ಜೊತೆ ಹೆರಿಗೆಯಾದ ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು.

ಅಲ್ಲಿ ಶವ ಇರಲಿಲ್ಲ. ಬಾಗಿಲಲ್ಲಿ ತೊಳೆದ ಕೈಯೇ ಅದು. ಕೆಟ್ಟದ್ದು ಬಾಗಿಲು ದಾಟಿದ ಮೇಲೆ, ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿ. ಸೆಮ್ಮೆಲ್ವೈಸ್ ಆ ಮೇಲೆ ಪ್ರತಿಯೊಬ್ಬ ರೋಗಿಯ ಪರೀಕ್ಷೆಗೂ ಮುಂಚೆ ಕ್ಲೋರಿನ್ ದ್ರಾವಣದಲ್ಲಿ ತೊಳೆಯಬೇಕು ಎಂದು ನಿಯಮವನ್ನು ಬಿಗಿ ಮಾಡಿದರು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಇಂದು ನಾನು ಹೇಳಬೇಕೆಂದಿರುವುದೆಲ್ಲ ಆ ನಾಲ್ಕು ಹೆಜ್ಜೆಗಳ ಬಗ್ಗೆಯೇ.

ಸೆಮ್ಮೆಲ್ವೈಸ್ ಅವರ ಮುಂದಿನ ಬದುಕು ಚೆನ್ನಾಗಿರಲಿಲ್ಲ. 1849ರಲ್ಲಿ ಹುದ್ದೆ ಹೋಯಿತು. ಮರುವರ್ಷ ತಮ್ಮ ನಾಡಾದ ಹಂಗೇರಿಯ ಪೆಸ್ಟ್‌ಗೆ (ಇಂದಿನ ಬುಡಾಪೆಸ್ಟಿನ ಭಾಗ) ಹಿಂತಿರುಗಿದರು. ಪುಸ್ತಕ ಬರೆದದ್ದು 1861ರಲ್ಲಿ. 1865ರಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ, 47ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಮೂರ್ಖ ಜಗತ್ತು ಒಬ್ಬ ಮಹಾತ್ಮನನ್ನು ಕೊಂದಿತು ಎಂಬ ಧಾಟಿಯಲ್ಲಿ ಈ ಕಥೆಯನ್ನು ಹೇಳುವುದು ವಾಡಿಕೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಅವರು ಸಕಾಲದಲ್ಲಿ ಬರೆಯಲಿಲ್ಲ. ಬರೆಯತೊಡಗಿದಾಗ ಒಪ್ಪದ ಪ್ರಾಧ್ಯಾಪಕರಿಗೆ ಬಹಿರಂಗ ಪತ್ರ ಬರೆದು ನೀವು ಕೊಲೆಗಾರರು ಎಂದರು. ನಿಮ್ಮ ಕೈಯಿಂದಲೇ ಇವರೆಲ್ಲ ಸತ್ತರು ಎಂದು ಹೇಳಿದರೆ ಯಾವ ವೈದ್ಯ ತಾನೇ ಸಂತೋಷದಿಂದ ತಲೆಯಾಡಿಸುತ್ತಾನೆ? ಅದೂ ತೋರಿಸಲು ಒಂದು ರೋಗಾಣುವೂ ಇಲ್ಲದಿದ್ದಾಗ! ಬಾಣಂತಿ ಜ್ವರದ ರೋಗಾಣುವನ್ನು ಪಾಶ್ಚರ್ ಪ್ಯಾರಿಸ್ಸಿನಲ್ಲಿ ವಿದ್ವಾಂಸರ ಮುಂದೆ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದು 1879ರಲ್ಲಿ. ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ಕ್ಲೋರಿನ್ ದ್ರಾವಣ ಚರ್ಮವನ್ನು ಸುಡುವಂಥದ್ದು. ದಿನಕ್ಕೆ ಹತ್ತಾರು ಸಲ ಅದರಲ್ಲಿ ಕೈ ಅದ್ದುವುದು ಶಿಕ್ಷೆಯೇ ಸರಿ.

ಬಂದರು ನೋಡಿ. ಕೈ ಒರೆಸಿಕೊಂಡಿದ್ದೀರಾ? ಒಳ್ಳೆಯದು. ದೀಪದ ಕೆಳಗೆ ಹಿಡಿಯಿರಿ. ಹಿಂದೆ ಕುಳಿತವರಿಗಾಗಿ ನಾನು ವರ್ಣಿಸುತ್ತೇನೆ. ಅಂಗೈ ಎರಡೂ ಚೆನ್ನಾಗಿವೆ, ಹೊಳಪು ಬಹುತೇಕ ಹೋಗಿದೆ. ಈಗ ಕೈ ಮಗುಚಿ. ಹೆಬ್ಬೆರಳ ಬುಡದ ಸುತ್ತ ಒಂದು ನೀಲಿ ಪಟ್ಟಿ ಹಾಗೆಯೇ ಇದೆ. ಬೆರಳುಗಳ ನಡುವಿನ ಸಂದಿಗಳಲ್ಲಿ ಗೆರೆ ಎಳೆದಂತೆ ಉಳಿದಿದೆ. ಉಗುರಿನ ಅಂಚು ನೋಡಿ, ಹತ್ತೂ ಉಗುರಿನ ಸುತ್ತ ಕಮಾನಿನಂತೆ ಹೊಳೆಯುತ್ತಿದೆ. ಉಂಗುರ ತೆಗೆಯುತ್ತೀರಾ? ಅದರ ಕೆಳಗೆ ಲೇಪ ಹಚ್ಚಿದ ಹಾಗೆಯೇ ಇದೆ. ಇನ್ನೊಂದು ವಿಷಯ ಗಮನಿಸಿ: ಎಡಗೈ ಬಲಗೈಗಿಂತ ಸ್ವಚ್ಛವಾಗಿದೆ. ನೀವು ಬಲಗೈಯಲ್ಲಿ ಬರೆಯುವವರೇ? ಹೌದಂತೆ. ತಿಕ್ಕುವ ಕೆಲಸವನ್ನೆಲ್ಲ ಬಲಗೈ ಮಾಡುತ್ತದೆ, ತಿಕ್ಕಿಸಿಕೊಳ್ಳುವ ಭಾಗ್ಯ ಎಡಗೈಗೆ. ಆದರೆ ಬಾಗಿಲು ತೆರೆಯುವುದು, ಕೈ ಕುಲುಕುವುದು, ಮೂಗು ಒರೆಸುವುದು ಎಲ್ಲ ಬಲಗೈಯಿಂದಲೇ.

ಇವರನ್ನು ದೂರಬೇಡಿ. 1978ರಲ್ಲಿ ಬ್ರಿಟನ್ನಿನಲ್ಲಿ ನರ್ಸ್‌ಗಳ ಕೈಗೆ ಹೀಗೆಯೇ ಬಣ್ಣ ಹಚ್ಚಿ ನೋಡಿದಾಗ ಅವರೂ ಹೆಬ್ಬೆರಳು, ಬೆರಳ ತುದಿ, ಸಂದಿಗಳನ್ನೇ ಬಿಟ್ಟಿದ್ದರು. ನಾವು ಯಾವುದನ್ನಾದರೂ ಮುಟ್ಟುವುದು ಬೆರಳ ತುದಿಯಿಂದ, ತೊಳೆಯುವುದು ಅಂಗೈಯನ್ನು. ಆ ತುದಿ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ, ಆಸ್ಟ್ರೇಲಿಯಾದಲ್ಲಿ ವೈದ್ಯ ವಿದ್ಯಾರ್ಥಿಗಳು ತರಗತಿಯಲ್ಲಿ ಕುಳಿತಿದ್ದಾಗ ಚಿತ್ರೀಕರಿಸಿ ಎಣಿಸಿದ ಒಂದು ಅಧ್ಯಯನವಿದೆ. 2015ರಲ್ಲಿ ಪ್ರಕಟವಾಯಿತು. ಸರಾಸರಿ ಗಂಟೆಗೆ 23 ಸಲ ಅವರು ಮುಖ ಮುಟ್ಟಿಕೊಂಡಿದ್ದರು. ಅದರಲ್ಲಿ ಸುಮಾರು ಶೇಕಡ 44ರಷ್ಟು ಸಲ ಕೈ ಹೋದದ್ದು ಕಣ್ಣು, ಮೂಗು, ಬಾಯಿಗೆ. ಈಗ ಈ ಸಭೆಯಲ್ಲಿ ಎಷ್ಟು ಕೈಗಳು ಗಲ್ಲದಿಂದ ಸರಕ್ಕನೆ ಕೆಳಗಿಳಿದವು ಎಂದು ನಾನು ನೋಡಿದೆ.

ಸಾಬೂನು ಮಾಡುವ ಕೆಲಸ ಏನು? ಅದರ ಅಣುವಿಗೆ ಎರಡು ತುದಿ. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಚರ್ಮದ ಎಣ್ಣೆಯಂಶಕ್ಕೆ ಅಂಟಿಕೊಂಡ ಕೊಳೆಯನ್ನೂ ಅದರೊಳಗಿನ ರೋಗಾಣುಗಳನ್ನೂ ಈ ಅಣುಗಳು ಸುತ್ತುವರಿದು ಎಬ್ಬಿಸುತ್ತವೆ, ನೀರು ಹೊತ್ತೊಯ್ಯುತ್ತದೆ. ಇನ್‌ಫ್ಲುಯೆಂಜಾ, ಕೊರೊನಾದಂಥ ವೈರಸ್‌ಗಳಿಗೆ ಹೊರಗೆ ಒಂದು ಕೊಬ್ಬಿನ ಪೊರೆ ಇರುತ್ತದೆ. ಸಾಬೂನು ಅದರೊಳಗೆ ನುಗ್ಗಿ ಪೊರೆಯನ್ನೇ ಹರಿದುಹಾಕುತ್ತದೆ. ಆದರೆ ಬಹುಪಾಲು ಕೆಲಸ ಕೊಲ್ಲುವುದಲ್ಲ, ಕೀಳುವುದು. ಅದಕ್ಕೇ ಹೊತ್ತು ಬೇಕು, ತಿಕ್ಕಬೇಕು. ಕನಿಷ್ಠ 20 ಸೆಕೆಂಡು ಎನ್ನುತ್ತಾರಲ್ಲ, ಅದರಲ್ಲಿ ಮಂತ್ರಶಕ್ತಿ ಏನೂ ಇಲ್ಲ. ನೀವು ಬಿಟ್ಟುಬಿಡುವ ಆ ಹೆಬ್ಬೆರಳನ್ನೂ ಹತ್ತು ಉಗುರುಗಳನ್ನೂ ಮುಟ್ಟಿ ಬರಲು ಅಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೇ. ಬೆರಳ ತುದಿಗಳನ್ನು ಇನ್ನೊಂದು ಅಂಗೈಯ ಗುಳಿಯಲ್ಲಿ ಹೊರಳಿಸಿ, ಹೆಬ್ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ. ಈ ಎರಡನ್ನು ಮಾಡಿದರೆ ದೀಪದ ಕೆಳಗೆ ನಾಚಿಕೆಪಡಬೇಕಾಗಿಲ್ಲ.

ಬಿಸಿನೀರೇ ಬೇಕೇ ಎಂದು ಕೇಳುತ್ತಾರೆ. ಬೇಕಿಲ್ಲ. ರೋಗಾಣು ಸಾಯುವಷ್ಟು ಬಿಸಿನೀರನ್ನು ಕೈ ತಡೆಯುವುದಿಲ್ಲ. ಕೈ ತಡೆಯುವ ನೀರು ಬೆಚ್ಚಗಿದ್ದರೂ ತಣ್ಣಗಿದ್ದರೂ ಫಲ ಒಂದೇ. ಒರೆಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಒದ್ದೆ ಕೈಯಿಂದ ರೋಗಾಣುಗಳು ಮುಟ್ಟಿದ ವಸ್ತುವಿಗೂ, ಅಲ್ಲಿಂದ ಕೈಗೂ ಒಣ ಕೈಗಿಂತ ಸುಲಭವಾಗಿ ದಾಟುತ್ತವೆ. ಚೆನ್ನಾಗಿ ತೊಳೆದು, ಎರಡು ಸಲ ಜಾಡಿಸಿ, ತೊಟ್ಟಿಕ್ಕುವ ಕೈಯಲ್ಲಿಯೇ ಬಾಗಿಲ ಹಿಡಿಕೆ ಹಿಡಿಯುವವರು ಅರ್ಧ ಶ್ರಮವನ್ನು ಅಲ್ಲೇ ಬಿಟ್ಟು ಬರುತ್ತಾರೆ.

ಇಲ್ಲಿ ಒಂದು ಭಯವನ್ನು ಹೋಗಲಾಡಿಸಬೇಕು. ಕೈಯಲ್ಲಿ ಒಂದು ಸೂಕ್ಷ್ಮಾಣುವೂ ಇರಬಾರದು ಎಂದು ಹಟ ಹಿಡಿದು ತೊಳೆಯುವವರಿದ್ದಾರೆ. ಅದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಕೈಯ ಸೂಕ್ಷ್ಮಾಣುಗಳಲ್ಲಿ ಎರಡು ಬಗೆ ಎಂದು 1938ರಲ್ಲಿಯೇ ಪ್ರೈಸ್ ಎಂಬ ಅಮೆರಿಕದ ವೈದ್ಯರು ಗುರುತಿಸಿದರು. ಚರ್ಮದ ಆಳದಲ್ಲಿ ಮನೆ ಮಾಡಿಕೊಂಡಿರುವ ಕಾಯಂ ನಿವಾಸಿಗಳು ಒಂದು ಬಗೆ. ಅವು ಸಾಮಾನ್ಯವಾಗಿ ನಿರುಪದ್ರವಿಗಳು, ಎಷ್ಟು ತೊಳೆದರೂ ಮತ್ತೆ ಬೆಳೆಯುತ್ತವೆ. ಇನ್ನೊಂದು ಬಗೆ ಮುಟ್ಟಿದಲ್ಲಿಂದ ಅಂಟಿಕೊಂಡು ಬಂದ ದಾರಿಹೋಕರು. ಕಾಯಿಲೆ ಹರಡುವುದು ಹೆಚ್ಚಾಗಿ ಇವರಿಂದ, ಸಾಬೂನಿಗೆ ಸುಲಭವಾಗಿ ಹೊರಟುಹೋಗುವವರೂ ಇವರೇ. ನಮ್ಮ ಜಗಳ ದಾರಿಹೋಕರ ಜೊತೆ ಮಾತ್ರ.

ಈ ದಾರಿಹೋಕರನ್ನು ಸಾಗಿಸಲು ಕಾಯಿಲೆಯವರೇ ಆಗಬೇಕೆಂದಿಲ್ಲ. ಮೇರಿ ಮ್ಯಾಲನ್ ಹೆಸರು ಕೇಳಿರುತ್ತೀರಿ. ನ್ಯೂಯಾರ್ಕ್‌ನ ಸಿರಿವಂತ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಐರಿಷ್ ಹೆಂಗಸು. ಅವಳು ಕೆಲಸ ಮಾಡಿದ ಏಳು ಮನೆಗಳಲ್ಲಿ 22 ಟೈಫಾಯ್ಡ್ ಪ್ರಕರಣಗಳನ್ನು ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ತಜ್ಞ 1907ರಲ್ಲಿ ಪತ್ತೆಹಚ್ಚಿದ. ಅವಳು ಮಾತ್ರ ಗಟ್ಟಿಮುಟ್ಟಾಗಿದ್ದಳು. ಒಲೆಯ ಮೇಲೆ ಬೆಂದದ್ದರಿಂದ ಅಪಾಯ ಕಡಿಮೆ. ಅವಳ ಕೈಯಿಂದ ಹಸಿಯಾಗಿಯೇ ಬಡಿಸುವ ತಿನಿಸುಗಳಿಗೆ ರೋಗಾಣು ದಾಟುತ್ತಿತ್ತು. ತಾನು ರೋಗ ಹರಡುತ್ತಿದ್ದೇನೆ ಎಂಬುದನ್ನು ಅವಳು ಕೊನೆಯವರೆಗೂ ನಂಬಲಿಲ್ಲ. ಮೊದಲ ಸಲ ಅವಳನ್ನು ಕೂಡಿಹಾಕಿ ಬಿಟ್ಟ ಮೇಲೆ ಮತ್ತೆ ಅಡುಗೆಗೇ ಹೋದಳು, 1915ರಲ್ಲಿ ಮತ್ತೆ ಸಿಕ್ಕಿಬಿದ್ದಳು, 1938ರಲ್ಲಿ ಸಾಯುವವರೆಗೆ ಒಂದು ದ್ವೀಪದಲ್ಲಿ ಪ್ರತ್ಯೇಕವಾಗಿ ಇದ್ದಳು. ‘ಟೈಫಾಯ್ಡ್ ಮೇರಿ’ ಎಂದು ಅವಳ ಹೆಸರನ್ನು ಬೈಗುಳ ಮಾಡಿಬಿಟ್ಟದ್ದು ಅನ್ಯಾಯ ಎಂದು ನನ್ನ ಅಭಿಪ್ರಾಯ. ರೋಗಾಣು ಹೊತ್ತ ಆರೋಗ್ಯವಂತರು ಆ ನಗರದಲ್ಲಿ ಅವಳೊಬ್ಬಳೇ ಇರಲಿಲ್ಲ; ಜೀವಮಾನವಿಡೀ ಕೂಡಿಹಾಕಿದ್ದು ಅವಳನ್ನು. ನಾನು ಚೆನ್ನಾಗಿಯೇ ಇದ್ದೇನಲ್ಲ, ನನ್ನ ಕೈಯಿಂದ ಏನಾಗುತ್ತದೆ ಎಂದು ಅವಳು ಕೇಳಿದ್ದನ್ನು ನಾವೆಲ್ಲರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತೇವೆ.

ಇನ್ನು ಸ್ಯಾನಿಟೈಸರ್. ಆಲ್ಕೋಹಾಲ್ ಶೇಕಡ 60ಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ನೂರಕ್ಕೆ ನೂರು ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎಂದರೆ, ಅಲ್ಲ. ರೋಗಾಣುವಿನ ಪ್ರೋಟೀನನ್ನು ಕೆಡಿಸಲು ಆಲ್ಕೋಹಾಲಿಗೆ ಸ್ವಲ್ಪ ನೀರಿನ ಜೊತೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿಶ್ರಣದಲ್ಲಿ ಶೇಕಡ 80 ಎಥನಾಲ್ ಇದೆ, ಚರ್ಮ ಒಣಗದಿರಲು ಗ್ಲಿಸರಿನ್ ಇದೆ. ಒಂದು ಹನಿ ಸುರಿದುಕೊಂಡು ಅಂಗೈಗೆ ಸವರಿದರೆ ಸಾಲದು. ಎರಡೂ ಕೈಯ ಎಲ್ಲ ಭಾಗ ನೆನೆದು, ತಾನಾಗಿಯೇ ಆರುವವರೆಗೆ ತಿಕ್ಕಬೇಕು. ಕೊಳೆ, ಜಿಡ್ಡು ಕಾಣುತ್ತಿದ್ದರೆ ಅದು ಕೆಲಸ ಮಾಡದು. ವಾಂತಿ ಬೇಧಿ ತರುವ ನೊರೊವೈರಸ್‌ಗೆ ಕೊಬ್ಬಿನ ಪೊರೆ ಇಲ್ಲ, ಆಲ್ಕೋಹಾಲಿಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಂತೂ ಆಲ್ಕೋಹಾಲಿಗೆ ಕ್ಯಾರೇ ಎನ್ನುವುದಿಲ್ಲ. ಮನೆಯಲ್ಲಿ ಯಾರಿಗಾದರೂ ವಾಂತಿ ಬೇಧಿ ಇದ್ದಾಗ ಸೀಸೆಯನ್ನು ಪಕ್ಕಕ್ಕಿಟ್ಟು ಸಾಬೂನು ನೀರಿಗೇ ಹೋಗಿ.

ಹಾಗಿದ್ದರೂ ಆಸ್ಪತ್ರೆಗಳನ್ನು ಬದಲಾಯಿಸಿದ್ದು ಆ ಸೀಸೆಯೇ. ವಿಯೆನ್ನಾದ ನಂತರ ಸುಮಾರು 150 ವರ್ಷ ಕಳೆದ ಮೇಲೆ ಜಿನೀವಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಿದಿಯೆ ಪಿತೆ ಎಂಬ ಸೋಂಕು ತಜ್ಞರು ತಮ್ಮ ಸಿಬ್ಬಂದಿಯನ್ನು ಗಮನಿಸಿದರು. ಈಗ ರೋಗಾಣುವಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಎಲ್ಲರೂ ಪರೀಕ್ಷೆ ಪಾಸಾದವರು. ಆದರೂ 1994ರಲ್ಲಿ, ಕೈ ಸ್ವಚ್ಛಗೊಳಿಸಬೇಕಾದ ನೂರು ಸಂದರ್ಭಗಳಲ್ಲಿ 48ರಲ್ಲಿ ಮಾತ್ರ ಸ್ವಚ್ಛಗೊಳಿಸುತ್ತಿದ್ದರು. ಸೋಮಾರಿತನವೇ? ಒಂದು ಲೆಕ್ಕ ಹಾಕಿ. ತೀವ್ರ ನಿಗಾ ಘಟಕದ ನರ್ಸ್‌ಗೆ ಗಂಟೆಗೆ 20ಕ್ಕೂ ಹೆಚ್ಚು ಸಲ ಕೈ ಶುಚಿ ಮಾಡಿಕೊಳ್ಳಬೇಕಾದ ಸಂದರ್ಭ ಬರುತ್ತದೆ. ನಲ್ಲಿಯವರೆಗೆ ಹೋಗಿ, ತೊಳೆದು, ಒರೆಸಿ, ಹಿಂತಿರುಗಲು ಒಂದು ನಿಮಿಷ ಎಂದರೂ ಗಂಟೆಯ ಮೂರನೆಯ ಒಂದು ಭಾಗ ಅಲ್ಲೇ ಹೋಯಿತು. ರೋಗಿಯನ್ನು ಯಾರು ನೋಡಬೇಕು? ನಿಯಮ ಪಾಲಿಸಿದರೆ ಕೆಲಸ ಕೆಡುತ್ತದೆ, ಕೆಲಸ ಮಾಡಿದರೆ ನಿಯಮ ಕೆಡುತ್ತದೆ. ಇಂಥಲ್ಲಿ ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪಿತೆ ಅವರ ತಂಡ ನಲ್ಲಿಗೆ ಹೋಗುವ ನಡಿಗೆಯನ್ನೇ ಕಡಿತಗೊಳಿಸಿತು. ಪ್ರತಿ ಹಾಸಿಗೆಯ ಪಕ್ಕದಲ್ಲೂ, ನರ್ಸ್‌ಗಳ ಜೇಬಿನಲ್ಲೂ ಆಲ್ಕೋಹಾಲ್ ದ್ರಾವಣದ ಸೀಸೆ ಬಂತು. ನಿಂತಲ್ಲೇ ಇಪ್ಪತ್ತು ಮೂವತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯುತ್ತಿತ್ತು. ಗೋಡೆಗಳ ಮೇಲೆ ಸಿಬ್ಬಂದಿಯೇ ಸೇರಿ ರೂಪಿಸಿದ ವ್ಯಂಗ್ಯಚಿತ್ರದ ಫಲಕಗಳು ಬಂದವು. 1997ರ ಹೊತ್ತಿಗೆ 48 ಇದ್ದದ್ದು 66ಕ್ಕೆ ಏರಿತು. ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಪ್ರಮಾಣ ಶೇಕಡ 16.9ರಿಂದ 9.9ಕ್ಕೆ ಇಳಿಯಿತು. ನರ್ಸ್‌ಗಳು ಚೆನ್ನಾಗಿ ಸುಧಾರಿಸಿದರು, ವೈದ್ಯರು ಅಷ್ಟಾಗಿ ಸುಧಾರಿಸಲಿಲ್ಲ ಎಂಬುದನ್ನೂ ವರದಿ ಮುಚ್ಚಿಡಲಿಲ್ಲ. ಸಭೆಯಲ್ಲಿ ವೈದ್ಯರಿದ್ದರೆ ಕ್ಷಮಿಸಿ. ವಿಯೆನ್ನಾದಿಂದ ಬಂದ ಪರಂಪರೆ ಸುಲಭವಾಗಿ ಹೋಗುವುದಿಲ್ಲ.

ಇದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಆಸ್ಪತ್ರೆಗಳಿಗೆ ಐದು ಕ್ಷಣಗಳನ್ನು ಗೊತ್ತುಮಾಡಿತು: ರೋಗಿಯನ್ನು ಮುಟ್ಟುವ ಮೊದಲು, ಸೂಜಿ ಚುಚ್ಚುವಂಥ ಕೆಲಸಕ್ಕೆ ಮೊದಲು, ರಕ್ತ ಅಥವಾ ದೇಹದ್ರವ ತಾಗಿದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ. ದಿನಕ್ಕೆ ಇಷ್ಟು ಸಲ ಎಂದು ಎಲ್ಲಿಯೂ ಇಲ್ಲ, ನೋಡಿ.

ಮನೆಯಲ್ಲೂ ಲೆಕ್ಕ ಹಾಗೆಯೇ. ನಾನು ದಿನಕ್ಕೆ ಹತ್ತು ಸಲ ಕೈ ತೊಳೆಯುತ್ತೇನೆ ಎಂದು ಹೇಳುವವರು ಸಿಗುತ್ತಾರೆ. ಯಾವ ಹತ್ತು ಸಲ ಎಂದು ಕೇಳಬೇಕು. ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆಗೂ ಊಟಕ್ಕೂ ಮೊದಲು, ಹಸಿ ಮಾಂಸ ಮುಟ್ಟಿದ ನಂತರ, ಕಾಯಿಲೆಯವರ ಆರೈಕೆಗೆ ಮೊದಲೂ ನಂತರವೂ, ಮೂಗು ಸೀನಿದ ಮೇಲೆ. ಇದರಲ್ಲಿ ಜನ ಹೆಚ್ಚಾಗಿ ಬಿಡುವುದು ಮಗುವಿನ ಮಲದ ವಿಷಯವನ್ನು. ಎಳೆ ಮಗುವಿನದು ಅಷ್ಟೇನೂ ಹೇಸಿಗೆಯಲ್ಲ ಎಂಬ ಭಾವನೆ ಎಲ್ಲೆಡೆಯೂ ಇದೆ. ಅತಿಸಾರದ ರೋಗಾಣುಗಳು ವಯಸ್ಸು ನೋಡುವುದಿಲ್ಲ. ಚಿಕ್ಕ ಮಕ್ಕಳಿಗೆ ಆ ಸೋಂಕು ಹೆಚ್ಚಾಗಿ ತಗಲುವುದರಿಂದ ಅವರ ಮಲದಲ್ಲಿ ಅವು ಇರುವ ಸಾಧ್ಯತೆಯೂ ಹೆಚ್ಚು.

ಇದೆಲ್ಲ ಮನೆಗಳಲ್ಲಿ ನಿಜವಾಗಿ ಫಲ ಕೊಡುತ್ತದೆಯೇ? ಕರಾಚಿಯ ಕೊಳೆಗೇರಿಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಸಾಬೂನು ಕೊಟ್ಟು, ಕಾರ್ಯಕರ್ತರು ವಾರವಾರ ಹೋಗಿ ಕೈ ತೊಳೆಯುವುದನ್ನು ಹೇಳಿಕೊಟ್ಟರು. ಉಳಿದ ಮನೆಗಳಿಗೆ ಹೋಲಿಸಿದರೆ ಆ ಮನೆಗಳ 15 ವರ್ಷದೊಳಗಿನ ಮಕ್ಕಳಲ್ಲಿ ಅತಿಸಾರ ಶೇಕಡ 53ರಷ್ಟು, ಐದು ವರ್ಷದೊಳಗಿನವರಲ್ಲಿ ನ್ಯುಮೋನಿಯಾ ಶೇಕಡ 50ರಷ್ಟು ಕಡಿಮೆ ಇತ್ತು. ಅತಿಸಾರ ಸರಿ, ಶ್ವಾಸಕೋಶದ ಕಾಯಿಲೆಯೂ ಅರ್ಧಕ್ಕಿಳಿಯಿತಲ್ಲ! ಮೂಗಿಗೆ ಹೋಗುವ ಬೆರಳನ್ನು ನೆನಪಿಸಿಕೊಂಡರೆ ಅಷ್ಟು ಆಶ್ಚರ್ಯವಾಗುವುದಿಲ್ಲ.

ಆದರೆ ಕೈ ತೊಳೆಯುವುದಕ್ಕೆ ಅದು ಹೊರಲಾರದ ಭಾರ ಹೊರಿಸಬಾರದು. ದಡಾರ, ಕ್ಷಯ ಗಾಳಿಯಲ್ಲಿ ಬರುವ ರೋಗಗಳು. ಎಷ್ಟು ತೊಳೆದರೂ ಅವು ನಿಲ್ಲುವುದಿಲ್ಲ. ಕೋವಿಡ್ ಕೂಡ ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡಿದ ರೋಗ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತು ಬಾಗಿಲ ಹಿಡಿಕೆಗಳನ್ನು ದಿನವಿಡೀ ಒರೆಸುತ್ತಿದ್ದ ಆ ಶ್ರಮದಲ್ಲಿ ಬಹುಪಾಲು ವ್ಯರ್ಥವಾಯಿತು ಎಂದು ಹೇಳಲು ಸಂಕೋಚ ಬೇಡ. ಕೈಯ ಕ್ಷೇತ್ರ ಬೇಧಿ, ವಾಂತಿ, ಟೈಫಾಯ್ಡ್, ಜಂತುಹುಳು, ಚರ್ಮ ಮತ್ತು ಕಣ್ಣಿನ ಸೋಂಕು, ನೆಗಡಿಯ ಒಂದು ಪಾಲು, ಆಸ್ಪತ್ರೆಯ ಸೋಂಕಿನ ದೊಡ್ಡ ಪಾಲು. ಅಷ್ಟೇ ಸಾಕಷ್ಟು ದೊಡ್ಡದು.

ನೀರೇ ಇಲ್ಲದವರ ಪಾಡೇನು? ಪ್ರಪಂಚದಲ್ಲಿ ಹತ್ತರಲ್ಲಿ ಮೂವರಿಗೆ ಮನೆಯಲ್ಲಿ ಸಾಬೂನು, ನೀರು ಎರಡೂ ಇರುವ ಕೈ ತೊಳೆಯುವ ಜಾಗ ಇಲ್ಲ ಎಂದು 2020ರ ಅಂದಾಜು. ಇದಕ್ಕೆ ಜಿಂಬಾಬ್ವೆಯಲ್ಲಿ ರೂಪುಗೊಂಡ ಟಿಪ್ಪಿ ಟ್ಯಾಪ್ ಎಂಬ ಸರಳ ಸಾಧನವಿದೆ. ಎರಡು ಕವಲು ಕೋಲು ನೆಟ್ಟು, ಅಡ್ಡ ಕೋಲಿಗೆ ನೀರಿನ ಕ್ಯಾನ್ ತೂಗುಹಾಕಿ, ಕ್ಯಾನಿನ ಕತ್ತಿಗೆ ಕಟ್ಟಿದ ದಾರವನ್ನು ನೆಲದ ಮೇಲಿನ ಒಂದು ಕಡ್ಡಿಗೆ ಕಟ್ಟುತ್ತಾರೆ. ಕಡ್ಡಿಯನ್ನು ಕಾಲಿನಲ್ಲಿ ಅದುಮಿದರೆ ಕ್ಯಾನ್ ಬಾಗಿ ತೂತಿನಿಂದ ಸಣ್ಣ ಧಾರೆ ಬೀಳುತ್ತದೆ. ಕಾಲು ತೆಗೆದರೆ ನಿಲ್ಲುತ್ತದೆ. ಪಕ್ಕದಲ್ಲಿ ದಾರಕ್ಕೆ ಪೋಣಿಸಿದ ಸಾಬೂನು. ಕೈಯಿಂದ ಮುಟ್ಟಬೇಕಾದ ನಲ್ಲಿಯೇ ಇಲ್ಲ, ನೀರೂ ಅತ್ಯಲ್ಪ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಶೌಚಾಲಯದ ಬಾಗಿಲ ಎದುರಿಗೇ ನೆಡಬಹುದು.

ಕೊನೆಯಲ್ಲಿ ಬಂದ ಚೀಟಿಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ. ರೋಗಾಣುನಾಶಕ ಎಂದು ಬರೆದ ಸಾಬೂನೇ ಬೇಕೇ ಎಂದು ಒಬ್ಬರು ಕೇಳಿದ್ದಾರೆ. ಕರಾಚಿಯಲ್ಲಿ ಸಾಬೂನು ಪಡೆದ ಮನೆಗಳಲ್ಲಿ ಅರ್ಧದಷ್ಟಕ್ಕೆ ಅಂಥ ಸಾಬೂನು, ಉಳಿದರ್ಧಕ್ಕೆ ಸಾದಾ ಸಾಬೂನು ಕೊಟ್ಟಿದ್ದರು; ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಸಾಬೂನುಗಳಿಂದ ತೆಗೆಸಿತು. ಸಾದಾ ಸಾಬೂನಿಗಿಂತ ಅವು ಮೇಲು ಎಂದು ತಯಾರಕರಿಗೆ ತೋರಿಸಲು ಆಗಿರಲಿಲ್ಲ.

ಹಲವರು ಬಳಸುವ ಬಿಲ್ಲೆ ಸಾಬೂನಿನಲ್ಲಿಯೇ ರೋಗಾಣು ಇರುವುದಿಲ್ಲವೇ? ಇರಬಹುದು. ಬೇಕೆಂದೇ ಬ್ಯಾಕ್ಟೀರಿಯ ಲೇಪಿಸಿದ ಬಿಲ್ಲೆಯಿಂದ ತೊಳೆಸಿ ನೋಡಿದಾಗಲೂ ತೊಳೆದವರ ಕೈಗೆ ಅವು ದಾಟಲಿಲ್ಲ. ನೀರು ನಿಲ್ಲದ ತಟ್ಟೆಯಲ್ಲಿಡಿ, ಸಾಕು.

ಕೈಗವಸು ಹಾಕಿದರೆ ತೊಳೆಯಬೇಕೇ? ಬೇಕು. ಗವಸಿನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು, ಬಿಚ್ಚುವಾಗ ಹೊರಮೈ ಕೈಗೆ ತಾಗುತ್ತದೆ. ಗವಸು ಹಾಕಿದವರು ಅದೇ ಗವಸಿನಲ್ಲಿ ಮೊಬೈಲ್ ಹಿಡಿದು ಮಾತನಾಡುವುದನ್ನು ನೀವೂ ನೋಡಿರುತ್ತೀರಿ.

ಕೊನೆಯ ಚೀಟಿ ಒಬ್ಬ ನರ್ಸ್ ಅವರದು: ತೊಳೆದು ತೊಳೆದು ಕೈ ಬಿರಿದಿದೆ, ಏನು ಮಾಡಲಿ? ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿರಿದ ಚರ್ಮದಲ್ಲಿ ರೋಗಾಣುಗಳು ಹೆಚ್ಚು ನೆಲೆಸುತ್ತವೆ, ಉರಿಯುವ ಕೈಯನ್ನು ಯಾರೂ ಮನಸ್ಸಿಟ್ಟು ತೊಳೆಯುವುದೂ ಇಲ್ಲ. ಬಿಸಿನೀರು ಬಿಡಿ. ಕೈ ಒದ್ದೆ ಮಾಡಿಕೊಂಡ ಮೇಲೆ ಸಾಬೂನು ಹಾಕಿ, ಒಣ ಕೈಗೆ ನೇರವಾಗಿ ಬೇಡ. ಕೊಳೆ ಕಾಣದಿದ್ದಾಗ ಸಾಬೂನಿಗಿಂತ ಗ್ಲಿಸರಿನ್ ಇರುವ ಆಲ್ಕೋಹಾಲ್ ದ್ರಾವಣವೇ ಚರ್ಮಕ್ಕೆ ಮೃದು. ಬಿರುಕಿನ ಮೇಲೆ ಅದು ಉರಿಯುವುದರಿಂದ ಜನ ಉಲ್ಟಾ ತಿಳಿದಿದ್ದಾರೆ. ಎರಡನ್ನೂ ಒಂದರ ಹಿಂದೆ ಒಂದು ಬಳಸಬೇಡಿ. ತಿಕ್ಕಿ ಒರೆಸದೆ ಒತ್ತಿ ಒರೆಸಿ. ಕೆಲಸ ಮುಗಿದ ಮೇಲೆ ಮತ್ತು ಮಲಗುವ ಮುನ್ನ ದಪ್ಪನೆಯ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ. ಕೆಲಸದ ಜಾಗದಲ್ಲಿ ಸಾಬೂನಿನ ಪಕ್ಕದಲ್ಲಿ ಅದನ್ನೂ ಇಡಬೇಕು ಎಂದು ನಿಮ್ಮ ಮೇಲಧಿಕಾರಿಗಳಿಗೆ ಬರೆದು ಕೊಡಿ. ಕೊಂಡುಕೊಡುವುದು ಅವರ ಹೊಣೆ. ಎರಡು ವಾರದಲ್ಲಿ ಬಿರುಕು ಮಾಯದಿದ್ದರೆ ಚರ್ಮವೈದ್ಯರನ್ನು ಕಾಣಿರಿ, ಅಲ್ಲಿಯವರೆಗೆ ತೆರೆದ ಗಾಯದ ಮೇಲೆ ನೀರು ಹೋಗದ ಪಟ್ಟಿ ಇರಲಿ.